ನಿಲ್ಲೋದು ರೋಡಲ್ಲಿ, ಓಡೋದು ಶೋರೂಮಲ್ಲಿ!

ಮೊನ್ನೆ ಸಂಗನಕಲ್ಲಿನಿಂದ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲು. ಅವರ ಹೆಂಡತಿ ಕುರುಗೋಡಿನ ಕಡೆ ಟೀಚರ್. ದಿನಾ ಎರಡು ಬಸ್ಸು ಬದಲಾಯಿಸಿ ಸಾಕಾಗಿ, ಸಾಲ ಮಾಡಿ ಒಂದು ಆಟೋಮ್ಯಾಟಿಕ್ ಕಾರು ತಗೊಂಡರು. ಕ್ಲಚ್ ಒತ್ತೋ ರಗಳೆ ಇಲ್ಲ, ಗೇರ್ ಹಾಕೋ ರಗಳೆ ಇಲ್ಲ, ಆರಾಮಾಗಿ ಹೋಗಿ ಬರಬಹುದು ಅನ್ನೋದು ಲೆಕ್ಕ.

ಮುಂದಿನದ್ದು ಅವರ ಮಾತಲ್ಲೇ ಕೇಳಿ. "ಸಾರ್, ಗಾಡಿ ನಡು ರೋಡಲ್ಲಿ ನಿಂತೋಗ್ತೈತೆ. ಹಿಂದೆ ನೋಡಿದ್ರೆ ಲಾರಿ. ಆಕೆ ಸ್ಟೇರಿಂಗ್ ಹಿಡ್ಕಂಡು ನಡುಗ್ತಾ ಕುಂತಿರ್ತಾಳೆ. ಹತ್ತು ನಿಮಿಷ ಬಿಟ್ಟು ಕೀ ತಿರುವಿದ್ರೆ, ಏನೂ ಆಗೇ ಇಲ್ಲ ಅನ್ನಂಗೆ ಹೊರಡ್ತೈತೆ."

ಸರ್ವಿಸ್ ಸೆಂಟರಿಗೆ ಹೋದರು. ಕಂಪ್ಯೂಟರ್ ಹಚ್ಚಿ ನೋಡಿದರು. "ಏನೂ ಪ್ರಾಬ್ಲಂ ಇಲ್ಲ, ತಗೊಂಡು ಹೋಗಿ" ಅಂದರು. ಎರಡನೇ ಸಲವೂ ಅದೇ ಮಾತು. ಮೂರನೇ ಸಲ ಅಲ್ಲಿನವರು ಪಕ್ಕಕ್ಕೆ ಕರೆದು, "ಮೇಡಂಗೆ ಆಟೋಮ್ಯಾಟಿಕ್ ಇನ್ನೂ ಅಭ್ಯಾಸ ಆಗಿಲ್ಲ ಅನ್ಸುತ್ತೆ ಸರ್" ಅಂದರು. ನಾಲ್ಕನೇ ಸಲ ಗಾಡಿ ಎಲ್ಲಿ ನಿಂತಿತೋ ಅಲ್ಲೇ ಉಳೀತು. ಎಳ್ಕೊಂಡು ಹೋದಾಗ ಗೊತ್ತಾಯಿತು, ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಕೆಟ್ಟಿದೆ. ಬದಲಾಯಿಸಬೇಕು. ಖರ್ಚು ಲಕ್ಷ ದಾಟುತ್ತೆ. ವಾರಂಟಿ ಮುಗಿದು ಹತ್ತೊಂಬತ್ತು ದಿನ ಆಗಿದೆ!

ಕೊನೆಗೆ ಅವರು ಇನ್ನೊಂದು ಮಾತು ಹೇಳಿದರು. "ನಾನೂ ಆಕೆಗೇ ಬೈದಿದ್ದೆ ಸಾರ್. ನಿನಗೆ ಓಡಿಸೋಕೆ ಬರಲ್ಲ ಅಂತ."

ನಾನು ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಆಂಕರಿಂಗ್. ಓದಿದ್ದು ವೇಸ್ಟ್ ಆಯ್ತು ಅಂತ ಮನೇಲಿ ಈಗಲೂ ಅಂತಾರೆ. ಇವತ್ತು ಒಂದು ದಿನ ಅದನ್ನ ಉಪಯೋಗಿಸ್ತೀನಿ. ಕಂಪನಿ ಹೆಸರು ಹೇಳೋದಿಲ್ಲ. ಒಂದು ಗಾಡಿ ಕೆಟ್ಟಿತು ಅಂದ ಮಾತ್ರಕ್ಕೆ ಕಂಪನಿ ಕಳ್ಳ ಅಂತ ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ. ಆದರೆ ಗಾಡಿ ಯಾಕೆ ಹೀಗೆ ಮಾಡುತ್ತೆ, ಶೋರೂಮಲ್ಲಿ ಯಾಕೆ ಸಿಕ್ಕಿಬೀಳಲ್ಲ, ಆಗ ನೀವೇನು ಮಾಡಬೇಕು, ಇದು ಎಲ್ಲರಿಗೂ ಗೊತ್ತಿರಬೇಕು.

ಕಾಣದ ಕಾಲು, ಕಾಣದ ಕೈ

ಮ್ಯಾನುಯಲ್ ಗಾಡಿಯಲ್ಲಿ ಎಡಗಾಲು ಕ್ಲಚ್ ಮೇಲೆ, ಎಡಗೈ ಗೇರ್ ಮೇಲೆ. ಇಂಜಿನ್ ಸದ್ದು ಕೇಳಿ, ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡೋದು ನಿಮ್ಮ ತಲೆ. ಇವತ್ತಿನ ಆಟೋಮ್ಯಾಟಿಕ್ ಗಾಡಿಗಳಲ್ಲಿ ಆ ತಲೆಯ ಕೆಲಸ ಮಾಡೋದು ಒಂದು ಪುಟ್ಟ ಕಂಪ್ಯೂಟರ್ ಡಬ್ಬಿ. ಅದೇ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್, ಚಿಕ್ಕದಾಗಿ ಟಿಸಿಎಂ.

ಗೇರ್‌ಬಾಕ್ಸ್ ಒಳಗಿನ ಸೆನ್ಸರ್‌ಗಳು ಅದಕ್ಕೆ ಸುದ್ದಿ ಕಳಿಸ್ತಾ ಇರುತ್ತವೆ. ಚಕ್ರ ಎಷ್ಟು ವೇಗ, ಗೇರ್ ಎಲ್ಲಿದೆ, ಎಷ್ಟು ಬಿಸಿ ಇದೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅನ್ನೋದು ಇಂಜಿನ್ನಿನ ಕಂಪ್ಯೂಟರ್‌ನಿಂದ ಬರುತ್ತೆ. ಇದನ್ನೆಲ್ಲ ನೋಡಿ ಮಾಡ್ಯೂಲ್ ಆಜ್ಞೆ ಕೊಡುತ್ತೆ. ಎಎಂಟಿ ಗಾಡಿಯಲ್ಲೂ ಎರಡು ಕ್ಲಚ್ ಇರೋ ಡಿಸಿಟಿ ಗಾಡಿಯಲ್ಲೂ ಕ್ಲಚ್ ಬಿಡಿಸೋದು, ಗೇರ್ ಬದಲಾಯಿಸೋದು ಹೀಗೆ. ಸಿವಿಟಿ ಗಾಡಿಯಲ್ಲಿ ಗೇರ್ ಬದಲು ಬೆಲ್ಟು ಮತ್ತು ರಾಟೆ ಇರುತ್ತವೆ, ಅಷ್ಟೆ. ಆಜ್ಞೆ ಕೊಡೋ ಡಬ್ಬಿ ಅಲ್ಲೂ ಉಂಟು.

ಈಗ ಆ ಡಬ್ಬಿಗೆ ಒಂದು ಕ್ಷಣ ಮಂಪರು ಬಂತು ಅಂದುಕೊಳ್ಳಿ. ಎರಡು ಥರ ಆಗಬಹುದು. ಒಂದು, ಬ್ರೇಕ್ ಹಾಕಿ ನಿಲ್ಲಿಸುವಾಗ ಕ್ಲಚ್ ಬಿಡಿಸಿಕೊಳ್ಳಲೇ ಇಲ್ಲ. ಡ್ರೈವಿಂಗ್ ಕಲಿಯುವಾಗ ಕ್ಲಚ್ ಒತ್ತೋದು ಮರೆತು ಬ್ರೇಕ್ ಹಾಕಿದ್ದು ನೆನಪಿದೆಯಾ? ಗಾಡಿ ಜಗ್ಗಿ ಇಂಜಿನ್ ಆಫ್! ಇಲ್ಲೂ ಅದೇ ಆಗುತ್ತೆ, ಆದರೆ ಮರೆತದ್ದು ನೀವಲ್ಲ. ಎರಡು, ಓಡ್ತಾ ಇರುವಾಗಲೇ ಕ್ಲಚ್ ಬಿಟ್ಟುಬಿಡ್ತು. ಇಂಜಿನ್ ರೊಂಯ್ ಅಂತ ಸದ್ದು ಮಾಡುತ್ತೆ, ಗಾಡಿ ಮುಂದೆ ಹೋಗಲ್ಲ.

ಈ ವ್ಯತ್ಯಾಸ ನೆನಪಿಡಿ. ಇಂಜಿನ್ ನಿಂತಿತಾ, ಅಥವಾ ಇಂಜಿನ್ ಓಡ್ತಿದ್ದು ಗಾಡಿ ಮಾತ್ರ ನಿಂತಿತಾ? ಮೆಕ್ಯಾನಿಕ್‌ಗೆ ಮೊದಲು ಹೇಳಬೇಕಾದ್ದು ಇದನ್ನೇ. ಯಾಕಂದ್ರೆ ನಿಂತ ಗಾಡಿಗೆಲ್ಲ ಟಿಸಿಎಂ ಕಾರಣ ಅಲ್ಲ. 2024ರ ಮಾರ್ಚ್‌ನಲ್ಲಿ ಮಾರುತಿ ಸುಜುಕಿ ಹದಿನಾರು ಸಾವಿರ ಬಲೆನೋ ಮತ್ತು ವ್ಯಾಗನ್‌ಆರ್ ಗಾಡಿಗಳನ್ನು ವಾಪಸ್ ಕರೆಯಿತು. ಇಂಜಿನ್ ನಿಂತುಹೋಗುವ ಸಾಧ್ಯತೆ ಇತ್ತು. ಅಲ್ಲಿ ಶಂಕೆ ಇದ್ದದ್ದು ಪೆಟ್ರೋಲ್ ಪಂಪಿನ ಮೋಟರ್ ಮೇಲೆ. ಅದಕ್ಕೂ ಒಂದು ತಿಂಗಳ ಹಿಂದೆ ಹ್ಯುಂಡೈ 7,698 ಕ್ರೆಟಾ ಮತ್ತು ವೆರ್ನಾ ಗಾಡಿಗಳನ್ನು ಕರೆದಿತ್ತು. ಅಲ್ಲಿ ಶಂಕೆ ಸಿವಿಟಿ ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ನಿಯಂತ್ರಿಸೋ ಎಲೆಕ್ಟ್ರಾನಿಕ್ ಭಾಗದ ಮೇಲೆ.

ಬಿಸಿಯಾದ್ರೆ ಬಿಡುತ್ತೆ, ತಣ್ಣಗಾದ್ರೆ ಕೂಡುತ್ತೆ

ಇನ್ನು ದೊಡ್ಡ ಪ್ರಶ್ನೆ. ಹತ್ತು ನಿಮಿಷ ಬಿಟ್ಟರೆ ಗಾಡಿ ತಾನಾಗೇ ಯಾಕೆ ಸರಿಹೋಗುತ್ತೆ?

ಕಾಲೇಜ್ ಲ್ಯಾಬಲ್ಲಿ ನಾವು ಸರ್ಕ್ಯೂಟ್ ಬೋರ್ಡ್ ಬೆಸುಗೆ ಹಾಕ್ತಿದ್ದೆವು. ಎಷ್ಟೋ ಸಲ ಬೋರ್ಡ್ ಕೆಲಸ ಮಾಡ್ತಿರಲಿಲ್ಲ. ಪೆನ್ಸಿಲ್ ತುದಿಯಿಂದ ಒಂದು ಕಡೆ ಒತ್ತಿದರೆ ಲೈಟ್ ಹತ್ತೋದು. ಪೆನ್ಸಿಲ್ ತೆಗೆದರೆ ಆಫ್. ಬೆಸುಗೆಯಲ್ಲಿ ಕೂದಲಷ್ಟು ಬಿರುಕು ಇರ್ತಿತ್ತು. ಪರೀಕ್ಷಕರು ಬಂದು ನಿಂತಾಗ ಹತ್ತಿಕೊಂಡ್ರೆ ನಾವು ಪಾಸು!

ಗಾಡಿಯ ಮಾಡ್ಯೂಲಿನಲ್ಲೂ ಆಗೋದು ಇಂಥದ್ದೇ. ಎಷ್ಟೋ ಗಾಡಿಗಳಲ್ಲಿ ಅದನ್ನು ಗೇರ್‌ಬಾಕ್ಸ್ ಮೇಲೆ, ಇಲ್ಲವೇ ಅದರ ಒಳಗೇ ಕೂರಿಸಿರ್ತಾರೆ. ಬಳ್ಳಾರಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು, ಹೊರಗೇ 40 ಡಿಗ್ರಿ ದಾಟುತ್ತೆ. ಬಾನೆಟ್ ಒಳಗಿನ ಕಥೆ ಕೇಳಬೇಡಿ. ದಿನಾ ಕಾಯುತ್ತೆ, ರಾತ್ರಿ ಆರುತ್ತೆ. ಬೋರ್ಡ್ ಒಂದಷ್ಟು ಹಿಗ್ಗಿದರೆ, ಚಿಪ್ ಇನ್ನೊಂದಷ್ಟು, ಬೆಸುಗೆ ಮತ್ತೊಂದಷ್ಟು. ಮೂರಕ್ಕೂ ಲೆಕ್ಕ ಬೇರೆ. ಸಾವಿರಾರು ಸಲ ಹೀಗೆ ಎಳೆದಾಡಿದ ಮೇಲೆ ಬೆಸುಗೆ ಬಿರುಕು ಬಿಡುತ್ತೆ. ರಸ್ತೆಯ ಕುಲುಕಾಟ ಬೇರೆ. ಬಿಸಿಯಾದಾಗ ಬಿರುಕು ಬಾಯಿ ಬಿಡುತ್ತೆ, ಸಂಪರ್ಕ ಕಡಿದು ಗಾಡಿ ನಿಲ್ಲುತ್ತೆ. ತಣ್ಣಗಾದಾಗ ಮತ್ತೆ ಮುಟ್ಟಿಕೊಳ್ಳುತ್ತೆ. ಕೆಲವು ಬೋರ್ಡ್‌ಗಳಲ್ಲಿ ಇದು ಉಲ್ಟಾನೂ ಇರಬಹುದು, ಬೆಳಗ್ಗೆ ತಣ್ಣಗಿದ್ದಾಗಲೇ ತಕರಾರು. ಜೊತೆಗೆ ಕೀ ಆಫ್ ಮಾಡಿ ಆನ್ ಮಾಡಿದಾಗ ಕಂಪ್ಯೂಟರ್ ಹೊಸದಾಗಿ ಶುರುವಾಗುತ್ತೆ, ಮೊಬೈಲ್ ರೀಸ್ಟಾರ್ಟ್ ಮಾಡಿದ ಹಾಗೆ.

ಸಂಗನಕಲ್ಲಿನವರಿಗೆ ಇದು ಬೇಗ ಅರ್ಥ ಆಗುತ್ತೆ. ನಿಮ್ಮೂರ ಗುಡ್ಡಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಮಾಡ್ತಿದ್ದ ಜಾಗ ಇದೆ. ಅಲ್ಲೇ ಕುಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯ ಹಾಗೆ ಮೊಳಗೋ ಬಂಡೆಗಳಿವೆ. ಕಲ್ಲೋ ಮಡಿಕೆಯೋ, ಬಿರುಕಿದ್ದರೆ ಬಾರಿಸಿದಾಗ ಸದ್ದೇ ಹೇಳುತ್ತೆ. ಈ ಡಬ್ಬಿ ಮಾತ್ರ ಹಾಗಲ್ಲ. ಬಿಸಿಯಲ್ಲಿ ಬಿರುಕು ಬಿಟ್ಟು, ಶೋರೂಮಿನ ನೆರಳಲ್ಲಿ ಒಳ್ಳೆ ಹುಡುಗನ ಹಾಗೆ ಕೂತುಬಿಡುತ್ತೆ.

ಹಾಗಾದರೆ ಸರ್ವಿಸ್ ಸೆಂಟರಿನವರು ಸುಳ್ಳು ಹೇಳಿದರಾ? ಅಗತ್ಯವಾಗಿ ಅಲ್ಲ. ಅವರು ನೋಡಿದ ಹೊತ್ತಿಗೆ ದೋಷ ಇರಲಿಲ್ಲ, ಇದು ನಿಜ ಇರಬಹುದು. ಆದರೆ "ನಮಗೆ ಕಾಣಲಿಲ್ಲ" ಅನ್ನೋದು ಬೇರೆ, "ದೋಷವೇ ಇಲ್ಲ" ಅನ್ನೋದು ಬೇರೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ "ದೋಷ ನಿಮ್ಮದೇ" ಅನ್ನೋದಿದೆಯಲ್ಲ, ಅದು ತೀರಾ ಬೇರೆ.

ದಂಡ ತೆತ್ತ ಮಾತು

ಇದು ಬರೀ ಬಳ್ಳಾರಿ ಕಥೆ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾಕ್ಕೆ ಹೋಗೋಣ. 2011ರಿಂದ 2015ರವರೆಗೆ ಅಲ್ಲಿ ಫೋರ್ಡ್ ಕಂಪನಿ ಪವರ್‌ಶಿಫ್ಟ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಸುಮಾರು 70 ಸಾವಿರ ಗಾಡಿಗಳನ್ನು ಮಾರಿತು. ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್. ಹೊರಡುವಾಗ ನಡುಕ, ಓಡುವಾಗ ಶಕ್ತಿ ಕಳೆದುಕೊಳ್ಳೋದು, ದೂರು ಮೇಲೆ ದೂರು. ಗ್ರಾಹಕರಿಗೆ ಎಷ್ಟೋ ಸಲ ಸಿಕ್ಕ ಉತ್ತರ ಏನು ಗೊತ್ತಾ? "ನೀವು ಓಡಿಸುವ ರೀತಿ ಸರಿಯಿಲ್ಲ." ಗೇರ್‌ಬಾಕ್ಸಿನಲ್ಲಿ ಗುಣಮಟ್ಟದ ಸಮಸ್ಯೆ ಇದೆ ಅಂತ ಕಂಪನಿಗೆ ಗೊತ್ತಿದ್ದೂ ಈ ಉತ್ತರ! ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟ್ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗಮನಿಸಿ, ಗೇರ್‌ಬಾಕ್ಸ್ ಕೆಟ್ಟದ್ದಕ್ಕಲ್ಲ, ದೂರು ತಂದವರನ್ನು ನಡೆಸಿಕೊಂಡ ರೀತಿಗೆ.

ಅದೇ ಗೇರ್‌ಬಾಕ್ಸಿನ ಕಂಟ್ರೋಲ್ ಮಾಡ್ಯೂಲ್‌ಗೆ ಅಮೆರಿಕದಲ್ಲಿ ಕಂಪನಿ 2014ರಲ್ಲೇ ವಾರಂಟಿ ವಿಸ್ತರಿಸಿತ್ತು. 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2.4 ಲಕ್ಷ ಕಿಲೋಮೀಟರ್. ಪವರ್‌ಶಿಫ್ಟ್ ಗಾಡಿಗಳು ಭಾರತದಲ್ಲೂ ಮಾರಾಟವಾಗಿವೆ. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವ ಘೋಷಣೆ ಮಾಡಿತು. ಗಾಡಿಗಳು ಇನ್ನೂ ನಮ್ಮ ರಸ್ತೆ ಮೇಲಿವೆ.

ಇನ್ನು ಚೀನಾ. 2013ರ ಮಾರ್ಚ್ 15, ಗ್ರಾಹಕರ ದಿನ. ಅಲ್ಲಿನ ಸರ್ಕಾರಿ ಟಿವಿ ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಗೇರ್‌ಬಾಕ್ಸ್ ಬಗ್ಗೆ ಕಾರ್ಯಕ್ರಮ ಮಾಡಿತು. ಕೆಲವೇ ದಿನಗಳಲ್ಲಿ 3,84,181 ಗಾಡಿಗಳ ರೀಕಾಲ್ ಘೋಷಣೆ ಆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳ ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಲು ಮುಂದಾಯಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ, ಸಿಂಥೆಟಿಕ್ ಎಣ್ಣೆಯಿಂದ ಗೇರ್‌ಬಾಕ್ಸಿನ ವಿದ್ಯುತ್ ಭಾಗದಲ್ಲಿ ತೊಂದರೆ ಬರುತ್ತಿತ್ತು. ತಣ್ಣನೆ ದೇಶದಲ್ಲಿ ಸರಿಯಿದ್ದ ಎಣ್ಣೆ ಬಿಸಿ ದೇಶದಲ್ಲಿ ಕೈಕೊಟ್ಟಿತು!

ಈ ಮೂರೂ ಕಡೆ ಆಗಿದ್ದೇನು? ಒಬ್ಬೊಬ್ಬರೇ ಹೋದಾಗ ಅದು "ಡ್ರೈವರ್ ತಪ್ಪು". ಸಾವಿರ ಜನರ ದೂರು ದಾಖಲಾದಾಗ ಅದು "ಗಾಡಿ ದೋಷ".

ಗಾಡಿ ನಿಂತ ಕ್ಷಣ

ಮೊದಲು ಜೀವ. ಗಾಡಿ ಶಕ್ತಿ ಕಳೆದುಕೊಂಡ ತಕ್ಷಣ ಹಜಾರ್ಡ್ ಲೈಟ್ ಹಾಕಿ, ಉಳಿದ ವೇಗದಲ್ಲೇ ಎಡಕ್ಕೆ ತನ್ನಿ. ಇಂಜಿನ್ ನಿಂತಿದ್ದರೆ ಬ್ರೇಕ್ ಒಂದೆರಡು ಸಲ ಮಾಮೂಲಿಯಾಗಿ ಹಿಡಿಯುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಹಾಗಾಗಿ ಪಂಪ್ ಮಾಡಬೇಡಿ, ಒಂದೇ ಸಲ ಜೋರಾಗಿ ಒತ್ತಿ ಹಿಡಿಯಿರಿ. ಸ್ಟೇರಿಂಗ್ ಭಾರ ಆಗುತ್ತೆ, ಆದರೆ ತಿರುಗುತ್ತೆ. ಗಾಡಿ ಚಲಿಸುತ್ತಿರುವಾಗ ಕೀ ಹೊರಗೆ ಎಳೆಯಲೇಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ನಿಂತ ಮೇಲೆ ಎಲ್ಲರನ್ನೂ ಕೆಳಗಿಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ತ್ರಿಕೋನದ ಬೋರ್ಡ್ ಡಿಕ್ಕಿಯಲ್ಲಿ ಮಲಗಿಸೋಕೆ ಕೊಟ್ಟಿದ್ದಲ್ಲ, ಹಿಂದೆ ದೂರದಲ್ಲಿಡಿ. ಸಿರುಗುಪ್ಪದ ಭತ್ತದ ಲಾರಿ, ಸಂಡೂರಿನ ಅದಿರಿನ ಲಾರಿ, ಯಾವುದೂ ನಿಮ್ಮನ್ನು ನೋಡಿದ ತಕ್ಷಣ ನಿಲ್ಲೋಕೆ ಆಗಲ್ಲ.

ಆಮೇಲೆ ಫೋನ್ ತೆಗೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ಹತ್ತಿರುವ ದೀಪಗಳ ವಿಡಿಯೋ ಮಾಡಿ. ಕಿಲೋಮೀಟರ್ ಎಷ್ಟು, ಟೈಮ್ ಎಷ್ಟು, ಗಾಡಿ ಎಷ್ಟು ಹೊತ್ತು ಓಡಿತ್ತು, ಇಂಜಿನ್ ಸದ್ದು ಇತ್ತಾ ಇಲ್ವಾ, ಬಾಯಲ್ಲಿ ಹೇಳುತ್ತಲೇ ರೆಕಾರ್ಡ್ ಮಾಡಿ.

ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ಯಾರೂ ಕೋಡ್ ಅಳಿಸದ ಹಾಗೆ ನೋಡಿಕೊಳ್ಳಿ. ಗಾಡಿಯ ಕಂಪ್ಯೂಟರ್ ದೋಷ ಕಂಡಾಗ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತೆ. ಯು 0101 ಅಂದರೆ ಟಿಸಿಎಂ ಜೊತೆ ಸಂಪರ್ಕ ಕಡಿದಿದೆ ಅಂತ. ಪಿ 0700 ಅಂದರೆ ಗೇರ್‌ಬಾಕ್ಸ್ ನಿಯಂತ್ರಣದಲ್ಲಿ ದೋಷ ಅಂತ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಇವು ಅಳಿಸಿಹೋಗಬಹುದು. ಸ್ಕ್ಯಾನ್ ರಿಪೋರ್ಟಿನ ಪ್ರಿಂಟ್ ಕೇಳಿ.

ಲಕ್ಷದ ಡಬ್ಬಿಗೆ ಒಪ್ಪುವ ಮೊದಲು ಇನ್ನೊಂದು ಕೆಲಸ ಮಾಡಿಸಿ. ಬ್ಯಾಟರಿ ಮತ್ತು ಅರ್ಥಿಂಗ್ ಚೆಕ್. ನಿಂತ ಗಾಡಿಯ ಒಳ್ಳೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ವೋಲ್ಟೇಜ್ ಕುಸಿದರೆ, ಕನೆಕ್ಟರಿನಲ್ಲಿ ತುಕ್ಕು ಅಥವಾ ನೀರು ಇದ್ದರೆ, ಗಟ್ಟಿಮುಟ್ಟಾದ ಮಾಡ್ಯೂಲ್ ಕೂಡ ಹುಚ್ಚಾಟ ಆಡುತ್ತೆ. ಸಾವಿರದಲ್ಲಿ ಮುಗಿಯೋದಕ್ಕೆ ಲಕ್ಷ ಯಾಕೆ ಸುರಿಬೇಕು? ಗುಜರಿಯಿಂದ ಹಳೇ ಮಾಡ್ಯೂಲ್ ತಂದು ಸಿಕ್ಕಿಸ್ತೀನಿ ಅನ್ನೋರಿದ್ದರೆ ಹುಷಾರ್. ನಿಮ್ಮ ಗಾಡಿಗೆ ತಕ್ಕ ಸಾಫ್ಟ್‌ವೇರ್ ಹಾಕಿ, ಕ್ಲಚ್ ಹೊಂದಿಸದೆ ಅದು ಕೆಲಸ ಮಾಡಲ್ಲ.

ಕಾನೂನು ಏನು ಹೇಳುತ್ತೆ?

ನಮ್ಮಲ್ಲೂ ರೀಕಾಲ್ ಕಾನೂನು ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಕಲಮು ತಂದಿತು. ಗಾಡಿಯ ದೋಷದಿಂದ ಜನರಿಗೆ ಅಪಾಯ ಇದ್ದರೆ ಕೇಂದ್ರ ಸರ್ಕಾರ ಕಂಪನಿಗೆ ರೀಕಾಲ್ ಆದೇಶ ಕೊಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಮಾಲೀಕರು ವಾಹನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಮಾರಾಟದ ಇಂತಿಷ್ಟು ಪಾಲು ದೂರು ಬಂದರೆ ಚಕ್ರ ತಿರುಗುತ್ತೆ. ಹಾಗಾಗಿ ನಿಮ್ಮೊಬ್ಬರ ದೂರು ದಂಡ ಅಲ್ಲ, ಎಣಿಕೆಯಲ್ಲಿ ಅದೂ ಒಂದು.

ನಿಮ್ಮ ಸ್ವಂತ ನಷ್ಟಕ್ಕೆ ದಾರಿ ಗ್ರಾಹಕ ಆಯೋಗ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ ದೂರು. ಗಾಡಿ ಬೆಂಗಳೂರಲ್ಲಿ ಕೊಂಡಿದ್ದರೂ ನೀವು ಬಳ್ಳಾರಿ ಜಿಲ್ಲೆಯಲ್ಲಿ ವಾಸ ಇದ್ದರೆ ಬಳ್ಳಾರಿಯಲ್ಲೇ ಹಾಕಬಹುದು. ಇದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಅನುಕೂಲ. 10ರಿಂದ 20 ಲಕ್ಷದ ಗಾಡಿಗೆ ಫೀಸು ಬರೀ 400 ರೂಪಾಯಿ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಪರೀಕ್ಷೆ ಮಾಡದೆ ದೋಷ ತಿಳಿಯಲ್ಲ ಅನ್ನಿಸಿದರೆ ಆಯೋಗ ಅದನ್ನು ಲ್ಯಾಬಿಗೆ ಕಳಿಸಬಹುದು.

ಆದರೆ ಆಸೆ ಅಳತೆಯಲ್ಲಿರಲಿ. "ನನಗೆ ಹೊಸ ಗಾಡಿಯೇ ಬೇಕು" ಅಂತ ಹಲವರು ಹಟ ಮಾಡ್ತಾರೆ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ವಾರಂಟಿ ಮಾತು ಕೊಟ್ಟಿರೋದು ಕೆಟ್ಟ ಭಾಗ ಬದಲಾಯಿಸೋಕೆ, ಇಡೀ ಗಾಡಿ ಬದಲಾಯಿಸೋಕಲ್ಲ. ಕೆಟ್ಟ ಭಾಗ, ಅದರ ಖರ್ಚು, ನಿಮಗಾದ ತೊಂದರೆಗೆ ಪರಿಹಾರ, ಇದು ಕೇಳೋಕೆ ಗಟ್ಟಿ ನೆಲ.

ಇದೆಲ್ಲಕ್ಕೂ ಆಧಾರ ಒಂದೇ, ಕಾಗದ. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮ ಮಾತಲ್ಲೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದರೆ ಸೈನ್ ಮಾಡಬೇಡಿ. ದೋಷ ಸಿಗಲಿಲ್ಲ ಅಂದರೆ ಅದನ್ನೂ ಬರೆದುಕೊಡಿ ಅನ್ನಿ. ವಾರಂಟಿ ಇದ್ದಾಗಲೇ ಅದೇ ದೋಷಕ್ಕೆ ಬಂದಿದ್ದಿರಿ ಅಂತ ತೋರಿಸೋಕೆ ಬೇರೆ ಯಾವ ಸಾಕ್ಷಿಯೂ ಇಷ್ಟು ಗಟ್ಟಿ ಅಲ್ಲ.

ಸಂಗನಕಲ್ಲಿನ ಆ ವೀಕ್ಷಕರಿಗೂ ಇದನ್ನೇ ಕೇಳಿದೆ. "ಜಾಬ್ ಕಾರ್ಡ್ ಇಟ್ಟಿದ್ದೀರಾ?" ಹುಡುಕಿ ಫೋಟೋ ಕಳಿಸಿದರು. ಮೂರು ಇದ್ದವು. ಎರಡರಲ್ಲಿ ಅವರದೇ ಸೈನ್, "ಜನರಲ್ ಚೆಕಪ್". ಮೂರನೆಯದು ಅವರ ಹೆಂಡತಿ ಒಬ್ಬರೇ ಹೋಗಿದ್ದ ದಿನದ್ದು, ವಾರಂಟಿ ಮುಗಿಯೋಕೆ ಎರಡು ತಿಂಗಳ ಹಿಂದಿನದು. ಪ್ರಿಂಟಾದ ಅಕ್ಷರಗಳ ಕೆಳಗೆ ಪೆನ್ನಿನಲ್ಲಿ, ಟೀಚರ್ ಅಕ್ಷರದಲ್ಲಿ, ದುಂಡಗೆ ಬರೆದಿತ್ತು: "ಓಡುವಾಗ ಗಾಡಿ ನಿಂತಿದೆ. ಇಂಜಿನ್ ಚಾಲೂ ಇತ್ತು. ಇದು ಮೂರನೇ ಸಲ." ಕೆಳಗೆ ತಾರೀಕು, ಸಹಿ, ಸರ್ವಿಸ್ ಸೆಂಟರಿನ ಸೀಲು.

ಅವರ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷಿ ಅದೇ. ಓಡಿಸೋಕೆ ಬರಲ್ಲ ಅಂತ ಯಾರನ್ನು ಬೈದಿದ್ದರೋ ಅವರೇ ಬರೆದದ್ದು.

"ಈಗ ಮೊದಲು ಏನು ಮಾಡ್ಲಿ ಸಾರ್?" ಅಂತ ಕೇಳಿದರು. "ಆಯೋಗಕ್ಕೆ ನಾಳೆ ಹೋಗಿ. ಇವತ್ತು ಮನೆಯಲ್ಲಿ ಕ್ಷಮೆ ಕೇಳಿ" ಅಂದೆ.